ಅಜ್ಜಿ ಕುದಿಸಿದ ಚಾಕು

ತಪ್ಪು ತಿಳಿಯಬೇಡಿ, ಮತ್ತೆ ಮೊದಲಿನಿಂದ ಹೇಳುತ್ತೇನೆ, ಆಗ ಫೋನ್ ಕಟ್ಟಾಯಿತು. ತಂಗಿಯ ಮಗಳ ಹೆರಿಗೆಗೆಂದು ಮಡಿಕೇರಿಯ ಆಸ್ಪತ್ರೆಗೆ ಬಂದಿದ್ದೇನೆ. ಫಿನಾಯಿಲ್ ವಾಸನೆಗೆ ಅಜ್ಜಿ ನೆನಪಾದರು.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಸೋಮವಾರಪೇಟೆ ಕಡೆ ನಮ್ಮೂರು, ಅಪ್ಪ ಅಲ್ಲಿ ಮೇಷ್ಟ್ರು. ವೈದ್ಯರ ತೊಳೆಯದ ಕೈಗಳಿಂದಲೇ ಬಾಣಂತಿಯರು ಸಾಯುತ್ತಿದ್ದಾರೆಂದು ಹೇಳಿ, ಜೊತೆಯವರಿಂದಲೇ ಬೈಸಿಕೊಂಡ ವಿಯೆನ್ನಾದ ಡಾಕ್ಟರೊಬ್ಬರ ಕಥೆಯನ್ನು ಮನೆಯಲ್ಲೂ ಹೇಳುತ್ತಿದ್ದರು. ಊರಿನ ಹೆರಿಗೆಗಳನ್ನೆಲ್ಲ ಮಾಡಿಸುತ್ತಿದ್ದ ಅಜ್ಜಿ, ಅಂದರೆ ಅಮ್ಮನ ತಾಯಿ, ನಗುತ್ತಿದ್ದರು: "ಕಣ್ಣಿಗೆ ಕಾಣ್ದಿರೋ ಹುಳ ನಿಮ್ ಪುಸ್ತಕದಲ್ಲಿರ್ಬೇಕು ಅಳಿಯಂದ್ರೇ, ನನ್ ಕೈಲಿಲ್ಲ."

ಆದರೂ ನನ್ನ ತಮ್ಮ ಹುಟ್ಟಿದ ದಿನ ಅಳಿಯನ ಮಾತಿಗೆ ಬೆಲೆ ಕೊಟ್ಟು, ಹೊಕ್ಕುಳಬಳ್ಳಿ ಕೊಯ್ಯುವ ಚಾಕುವನ್ನು ಕುದಿಸಿದರು. ಆಮೇಲೆ ಅದನ್ನು ಕೊಟ್ಟಿಗೆ ಕೆಲಸ ಮಾಡಿ ಬಂದಿದ್ದ ಸೆರಗಿನಲ್ಲೇ ಒರೆಸಿಕೊಂಡು ಒಳಗೆ ಹೋದರು. ಅಪ್ಪನೂ ನಾನೂ ನೋಡಿದೆವು. ಗಂಡಸರು ಕಾಲಿಡಬಾರದ ಕೋಣೆ ಅದು. ಅಪ್ಪ ಹೊರಗಿಂದ ಕೂಗಿದ್ದು ಅಮ್ಮನ ನರಳಾಟದಲ್ಲಿ ಕೇಳಿಸಲಿಲ್ಲ.

ಎಂಟನೇ ದಿನ ಮಗು ಧನುರ್ವಾಯುವಿನಿಂದ ಮೈ ಸೆಟೆದು ತೀರಿಕೊಂಡಿತು.

"ಕುದಿಸಿದ್ನಲ್ಲಪ್ಪಾ ನಾನು?" ಎಂದರು ಅಜ್ಜಿ.

"ಹೂಂ ಅತ್ತೆ, ನಿಮ್ಮಿಂದೇನೂ ತಪ್ಪಾಗ್ಲಿಲ್ಲ."

ಅಲ್ಲಿಂದ ಮುಂದೆ ಅಜ್ಜಿ ಹೋದ ಪ್ರತಿ ಹೆರಿಗೆಮನೆಯಲ್ಲೂ ಅಪ್ಪ ಒಲೆಯ ಪಕ್ಕ ನಿಂತಿರುತ್ತಿದ್ದರು. "ಒರೆಸ್ಬೇಡಿ ಅತ್ತೆ, ಹಾಗೇ ಆರ್ಲಿ."

"ಬಂದ್ರು ನೋಡ್ರೇ, ಸೂಲಗಿತ್ತಿ ಮೇಷ್ಟ್ರು!" ಎಂದು ಹೆಂಗಸರು ನಗುತ್ತಿದ್ದರು. ಅಜ್ಜಿಯೂ ನಗುತ್ತಿದ್ದರು. ಒಂದು ದಿನ ನಗು ನಿಂತಿತು.

"ಅವತ್ತು ನಾನು ಒರೆಸಿದ್ನಾ?"

"ಇಲ್ಲ ಅತ್ತೆ," ಎಂದರು ಅಪ್ಪ.

ಅಜ್ಜಿ, ಅಪ್ಪನ ಜೊತೆ ಬಂದಿದ್ದ ನನ್ನ ಕಡೆ ತಿರುಗಿದರು. ನಾನೂ ಇಲ್ಲವೆಂದು ತಲೆಯಾಡಿಸಿದೆ. ಅವರು ನಂಬಿದರೋ ಇಲ್ಲವೋ... ಇರಿ, ನರ್ಸಮ್ಮ ಕರೆಯುತ್ತಿದ್ದಾರೆ. ಇಡುತ್ತೇನೆ.