ವಿಮಲತ್ತೆಯ ಲೋಳೆಯಾಟ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾನಾಗ ಐದನೇ ಕ್ಲಾಸಿನಲ್ಲಿದ್ದೆನೋ ಆರನೆಯದರಲ್ಲೋ, ಯಾರು ಯಾವ ಕಡೆ ಕೂತಿದ್ದೆವು, ಇದನ್ನೆಲ್ಲ ಆಣೆಯಿಟ್ಟು ಹೇಳಲಾರೆ. ಎಷ್ಟೋ ಸಲ ಹೇಳಿ ಹೇಳಿ ನಾನೇ ಸೇರಿಸಿಕೊಂಡದ್ದೂ ಇದ್ದೀತು. ಆದರೆ ವಾಸನೆಯ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಮೊನ್ನೆ ಭಾನುವಾರ ಶಿವಮೊಗ್ಗದ ನಮ್ಮ ಪಕ್ಕದ ಮನೆಯವರು ತಲೆಸ್ನಾನಕ್ಕೆಂದು ದಾಸವಾಳದ ಸೊಪ್ಪು ಕಿವುಚುತ್ತಿದ್ದರು. ಆ ಹಸಿ ಹಸಿ, ತಣ್ಣನೆಯ ವಾಸನೆ ಕಿಟಕಿಯಿಂದ ಒಳಗೆ ಬಂದಾಗ ಬೀನ್ಸ್ ಹೆಚ್ಚುತ್ತಿದ್ದ ನಾನು ಚಾಕು ಕೆಳಗಿಟ್ಟೆ. ಬಾಳೆಹೊನ್ನೂರಿನ ಬಸ್ ಸ್ಟ್ಯಾಂಡಿನ ಹಿಂದೆ, ನಮ್ಮ ಬಟ್ಟೆ ಅಂಗಡಿಗೆ ಬೆನ್ನು ತಾಗಿಸಿಕೊಂಡಿದ್ದ ಮನೆ ಕಣ್ಣೆದುರಿಗೆ ಬಂತು. ಮುಂದಿನಿಂದ ಬಟ್ಟೆ ಹರಿಯುವ ಚರ್ರೆನ್ನುವ ಸದ್ದು, ಅದರಾಚೆ "ಕೊಪ್ಪ, ಕೊಪ್ಪ, ಕೊಪ್ಪ" ಎಂದು ಕೂಗುವ ಕಂಡಕ್ಟರು. ಹಿಂದಿನ ಜಗುಲಿಯಲ್ಲಿ ಮೂತಿಗೆಲ್ಲ ಲೋಳೆ ಬಳಿದುಕೊಂಡ ನಾನು, ದೊಡ್ಡಪ್ಪನ ಮಗ ಮಹೇಶಣ್ಣ, ಅವನ ಪುಟ್ಟ ತಂಗಿ ಶೋಭಾ. ನಮ್ಮ ನಡುವೆ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದುಕೊಂಡ ವಿಮಲತ್ತೆ.

ವಿಮಲತ್ತೆ ಅಪ್ಪನ ತಂಗಿ, ಆ ಮನೆಯ ಕೊನೆಯ ಮಗಳು. ಎನ್.ಆರ್.ಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಳು. ಬೆಳಿಗ್ಗೆಯ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೆ ವಾಪಸು, ಕೈಗೆಲ್ಲ ಸೀಮೆಸುಣ್ಣ. ಭಾನುವಾರ ಮಾತ್ರ ಅವಳು ನಮ್ಮವಳು. ಆಟವನ್ನು ಅವಳೇ ಮಾಡಿದ್ದು. ಫ್ಯಾನು ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿ ಹಾಸಿ, ಬಸವನಹುಳುವಿನ ಚಿಪ್ಪಿನಂತೆ ಸುತ್ತಿ ಸುತ್ತಿ ಒಳಗೆ ಹೋಗುವ ಮನೆಗಳನ್ನು ಬರೆದಿದ್ದಳು. ಹಸಿರು ಮನೆ ಗಿಡಮರದ್ದು, ಕೆಂಪು ಮನೆ ಮೈಯೊಳಗಿನದು, ನೀಲಿ ಆಕಾಶದ್ದು. ಚೌಕಾಬಾರಕ್ಕೆ ಮಾಡುವಂತೆಯೇ ಹುಣಸೆ ಬೀಜಗಳನ್ನು ಒಂದು ಮಗ್ಗುಲು ಕಲ್ಲಿಗೆ ತೇಯ್ದು ಬಿಳಿ ಮಾಡಿದ್ದೆವು. ಎಷ್ಟು ಬಿಳಿ ಮೇಲಾಗಿ ಬಿತ್ತೋ ಅಷ್ಟು ಮನೆ ನಡೆಯಬೇಕು. ನಿಂತ ಮನೆಯ ಬಣ್ಣದ ಚೀಟಿಯನ್ನು ಬಿಸ್ಕತ್ತಿನ ಡಬ್ಬಿಯಿಂದ ತೆಗೆದು ಬೇರೆಯವರು ಪ್ರಶ್ನೆ ಕೇಳಬೇಕು. ಸರಿ ಹೇಳಿದರೆ ಅಲ್ಲೇ ಉಳಿಯಬಹುದು, ತಪ್ಪಿದರೆ ಬಲಗಡೆ ಕೂತವರಿಗೆ ಹಬ್ಬ. ನಮ್ಮ ನಡುವೆ ಮೂರು ಬೋಗುಣಿಗಳು ಇರುತ್ತಿದ್ದವು. ಒಂದರಲ್ಲಿ ದಾಸವಾಳದ ಲೋಳೆ. ಇನ್ನೊಂದರಲ್ಲಿ ನೀರಿನಲ್ಲಿ ಕಲಸಿದ ಆರಾರೂಟ್ ಹಿಟ್ಟು. ಅದು ಗುದ್ದಿದರೆ ಕಲ್ಲಾಗುತ್ತಿತ್ತು, ಸುಮ್ಮನೆ ಹಿಡಿದರೆ ಬೆರಳ ಸಂದಿಯಿಂದ ಸೋರುತ್ತಿತ್ತು. ಮೂರನೆಯದರಲ್ಲಿ ಕಲಸಿದ ಅರಿಶಿನ. ಯಾವುದರಲ್ಲಾದರೂ ಕೈ ಅದ್ದಿ, ತಪ್ಪಿದವರ ಮುಖಕ್ಕೆ ಬಳಿಯಬೇಕು. ಆಟ ಮುಗಿಯುವವರೆಗೆ ಒರೆಸುವಂತಿಲ್ಲ. ಮೂಗಿನ ತುದಿಯಿಂದ ಲೋಳೆ ಇಳಿಯುತ್ತಿರುವಾಗ ಹೃದಯಕ್ಕೆ ಎಷ್ಟು ಕೋಣೆ ಎಂದು ಹೇಳುವುದು ಎಂಥ ಕಷ್ಟ ಎನ್ನುವುದು ಆಡಿದವರಿಗೇ ಗೊತ್ತು.

ಅಜ್ಜಿ ಬಾಗಿಲಲ್ಲಿ ನಿಂತು ಗೊಣಗುತ್ತಿದ್ದಳು. "ಎಂತ ಮಾರಾಯ್ತಿ, ಮುಖಕ್ಕೆ ಬಳ್ಕಂಡು ಕೂರೋದೂ ಒಂದು ಪಾಠವಾ? ನಮ್ಮ ಮೇಷ್ಟ್ರು ಬೆತ್ತದಲ್ಲಿ ಹೊಡೆದು ಕಲಿಸಿದ್ರು."

"ಅದಕ್ಕೇ ನಿಂಗೆ ಬೆತ್ತ ನೆನಪಿದೆ, ಪಾಠ ಮರೆತು ಹೋಗಿದೆ" ಅನ್ನುತ್ತಿದ್ದಳು ಅತ್ತೆ. ಅಜ್ಜಿ ನಗು ತಡೆಯಲಾರದೆ ಒಳಗೆ ಹೋಗುತ್ತಿದ್ದಳು.

ಅರಿಶಿನ ಬಳಿಸಿಕೊಂಡವರಿಗೆ ಇನ್ನೊಂದು ಕಟ್ಟಳೆಯಿತ್ತು: ಕಡಲೆಹಿಟ್ಟಿನಲ್ಲೇ ಮುಖ ತೊಳೆಯಬೇಕು, ಸೋಪು ಮುಟ್ಟಬಾರದು. ಯಾಕೆ ಎಂದು ಮಹೇಶಣ್ಣ ಹಟ ಹಿಡಿದಾಗ ಅತ್ತೆ ಅವನ ಹಳದಿ ಅಂಗೈಗೆ ಸೋಪು ತಿಕ್ಕಿ ತೋರಿಸಿದ್ದಳು. ನೋಡುನೋಡುತ್ತಿದ್ದಂತೆ ಕೈ ಕೆಂಪಗಾಯಿತು, ಶೋಭಾ ಚೀರಿ ಅಳತೊಡಗಿದಳು. "ರಕ್ತ ಅಲ್ಲ ಕಣೇ. ಸೋಪಲ್ಲಿ ಕ್ಷಾರ ಇದೆ ಅಂತ ಅರಿಶಿನ ಚಾಡಿ ಹೇಳ್ತಿದೆ, ಅಷ್ಟೇ." ಆಮೇಲೆ ನಿಂಬೆಹಣ್ಣು ಹಿಂಡಿದಳು. ಕೈ ಮತ್ತೆ ಹಳದಿಯಾಯಿತು.

ಅದೇ ವರ್ಷ ಅತ್ತೆಗೆ ತರೀಕೆರೆ ಕಡೆಯ ಸಂಬಂಧ ಬಂತು. ಫೋಟೊ ಒಪ್ಪಿಗೆಯಾಗಿತ್ತು, ಮನೆತನ ಅಜ್ಜಿಯ ಮನಸ್ಸಿಗೆ ಹಿಡಿಸಿತ್ತು. ಮದುವೆಯಾದ ಮೇಲೆ ಹುಡುಗಿ ಕೆಲಸ ಬಿಡಬೇಕು ಎನ್ನುವುದೊಂದೇ ಅವರ ಮಾತು. ಅತ್ತೆ ಒಂದು ಸಲ, ಊಟಕ್ಕೆ ಕೂತಾಗ, "ನಂಗೆ ಸ್ಕೂಲು ಬಿಡೋಕೆ ಮನಸ್ಸಿಲ್ಲಮ್ಮ" ಎಂದಳು. "ನಿನ್ನ ಮಕ್ಕಳಿಗೆ ಮನೇಲೇ ಪಾಠ ಹೇಳು, ಯಾರು ಬೇಡ ಅಂತಾರೆ?" ಎಂದಳು ಅಜ್ಜಿ. ಅದರಲ್ಲಿ ಗದರಿಕೆಯಿರಲಿಲ್ಲ, ಆಸೆಯಿತ್ತು. ಅತ್ತೆ ಮತ್ತೆ ಆ ಮಾತು ಎತ್ತಲಿಲ್ಲ.

ತರೀಕೆರೆಯವರು ಹುಡುಗಿ ನೋಡಲು ಬರುವುದು ಭಾನುವಾರ ಮಧ್ಯಾಹ್ನದ ಮೇಲೆ ಎಂದಾಗಿತ್ತು. ಬೆಳಿಗ್ಗೆ ಅತ್ತೆಯೇ ರಟ್ಟು ಹಾಸಿದಳು. "ಇನ್ನೂ ಹೊತ್ತಿದೆ, ಒಂದಾಟ ಆಡೋಣ ಬನ್ನಿ." ಅವಳ ಸರದಿಯಲ್ಲಿ ನಾನು ಚೀಟಿ ತೆಗೆದೆ. ಜೇಡಕ್ಕೆ ಎಷ್ಟು ಕಾಲು ಎಂದಿತ್ತು. ಬಾವಲಿ ಹಕ್ಕಿಯೋ ಅಲ್ಲವೋ ಎಂದಿತ್ತು ಅನ್ನುತ್ತಾನೆ ಮಹೇಶಣ್ಣ, ಇರಬಹುದು. ಪ್ರಶ್ನೆ ಯಾವುದೇ ಆಗಿರಲಿ, ಅದನ್ನು ಬರೆದವಳೇ ತಪ್ಪು ಉತ್ತರ ಹೇಳಿದಳು. ಒಂದು ಕ್ಷಣ ನಮಗೆ ನಂಬಿಕೆಯೇ ಬರಲಿಲ್ಲ. ಅದುವರೆಗೆ ಒಮ್ಮೆಯೂ ಅವಳ ಮುಖಕ್ಕೆ ಕೈ ಹಚ್ಚುವ ಭಾಗ್ಯ ನಮಗೆ ಸಿಕ್ಕಿರಲಿಲ್ಲ. "ಯಾವುದು ಬಳೀಲಿ ಅತ್ತೆ?" ಎಂದು ಬಲಗಡೆಯಿದ್ದ ಶೋಭಾ ಕೇಳಿದಳು. "ನಿನ್ನಿಷ್ಟ ಕಣೇ" ಎಂದಳು ಅತ್ತೆ. ಹಾಗೆನ್ನುತ್ತ ಅರಿಶಿನದ ಬೋಗುಣಿಯನ್ನು ಶೋಭಾಳ ಕಡೆಗೆ ಸರಿಸಿದಳು ಎಂದು ನನ್ನ ನೆನಪು. ಸರಿಸಿದ್ದು ಹೌದೋ, ಆಮೇಲಿನದ್ದೆಲ್ಲ ಗೊತ್ತಿರುವ ನಾನು ಈಗ ಸರಿಸುತ್ತಿದ್ದೇನೋ, ಹೇಳಲಾರೆ.

ಶೋಭಾ ಅತ್ತೆಯ ಕೆನ್ನೆ, ಕತ್ತಿಗೆಲ್ಲ ಅರಿಶಿನ ಬಳಿದು ಮುಗಿಸುವಷ್ಟರಲ್ಲಿ ಅಂಗಡಿಯ ಮುಂದೆ ತರೀಕೆರೆಯವರ ಜೀಪು ನಿಂತಿತು. ಹರಿಹರಪುರದಲ್ಲಿ ಯಾರದೋ ಗೃಹಪ್ರವೇಶವಿದ್ದು ಹೋಗುವ ದಾರಿಯಲ್ಲೇ ನೋಡಿಕೊಂಡು ಹೋಗೋಣವೆಂದು ಬಂದಿದ್ದರು. ಆಗ ನಮ್ಮೂರಿನಲ್ಲಿ ಮೊಬೈಲಿಗೆ ಸಿಗ್ನಲ್ಲೇ ಸಿಗುತ್ತಿರಲಿಲ್ಲ, ಮೊದಲೇ ತಿಳಿಸುವುದೆಲ್ಲಿ ಬಂತು? ಅಜ್ಜಿ ಓಡಿಬಂದು ಮಗಳ ಮುಖ ನೋಡಿ ಎದೆಗೆ ಕೈಯಿಟ್ಟುಕೊಂಡಳು. "ಅಯ್ಯೋ ಶಿವನೇ, ಏಳೇ, ತೊಳ್ಕಳೇ ಬೇಗ!" ನೆಂಟರು ಬಂದಾಗ ಬಚ್ಚಲಿಗಿಡಲೆಂದು ಬೀರುವಿನಲ್ಲಿ ಸೀರೆಗಳ ನಡುವೆ ಗಂಧದ ಸೋಪು ಎತ್ತಿಡುವುದು ನಮ್ಮ ಮನೆಯ ಪದ್ಧತಿ. ಅಜ್ಜಿ ಅದರ ಕಾಗದ ಹರಿದು, ತಾನೇ ಮಗಳ ಕೈಗಿಟ್ಟಳು. ಅತ್ತೆ ಅದನ್ನು ಒಂದು ಗಳಿಗೆ ನೋಡಿದಳು. ಬಚ್ಚಲ ಗೂಡಿನಲ್ಲಿ ಕಡಲೆಹಿಟ್ಟಿನ ಡಬ್ಬಿ ಇತ್ತು. ನಾನು ಬಾಯಿ ತೆರೆದೆ. ಅತ್ತೆ ನನ್ನನ್ನು ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನೀರು ಸುರಿದ ಸದ್ದು ಕೇಳಿದ್ದು ಸ್ವಲ್ಪ ಹೊತ್ತು ಮಾತ್ರ. ಚೆನ್ನಾಗಿ ತೊಳೆದಿದ್ದರೆ ಕೆಂಪು ಅಷ್ಟು ಉಳಿಯುತ್ತಿರಲಿಲ್ಲ. ಅವಳು ನೊರೆಯನ್ನು ಟವೆಲಿನಲ್ಲಿ ಒರೆಸಿಕೊಂಡೇ ಹೊರಗೆ ಬಂದಿರಬೇಕು. ಸೀರೆಯುಟ್ಟು ಕಾಫಿ ತಟ್ಟೆ ಹಿಡಿದು ಹೋದಾಗ ಕೆನ್ನೆಯಿಂದ ಕತ್ತಿನವರೆಗೆ ಕೆಂಪು ತೇಪೆಗಳು. ಹುಡುಗನ ತಾಯಿ ಲೋಟ ತೆಗೆದುಕೊಳ್ಳುವಾಗ ಅವಳ ಬೆರಳು ತಾಗದಂತೆ ನೋಡಿಕೊಂಡರು. ಅತ್ತೆ ತಲೆ ತಗ್ಗಿಸಲಿಲ್ಲ. ಅಜ್ಜಿ "ಅರಿಶಿನ, ಬರೀ ಅರಿಶಿನ" ಎಂದು ಎರಡು ಮೂರು ಸಲ ಹೇಳಿದಳು. ಅರಿಶಿನ ಹಳದಿಯಲ್ಲವೇ ಎಂದು ಅವರು ಕೇಳಲಿಲ್ಲ, ಅಷ್ಟು ಮರ್ಯಾದಸ್ಥರು. ಹುಡುಗಿಗೆ ಚರ್ಮದ ಕಾಯಿಲೆಯಿದೆಯಂತೆ ಎಂಬ ಮಾತು ಆಮೇಲೆ ಬೇರೆಯವರ ಬಾಯಿಂದ ನಮಗೆ ಬಂತು. ಅದು ತರೀಕೆರೆಯಿಂದ ಕೊಪ್ಪದವರೆಗೂ ಹಬ್ಬಿ, ಬೇರೆ ಸಂಬಂಧಗಳು ಬರುವುದೂ ನಿಂತಿತು. ಅತ್ತೆ ಎಂದಿನಂತೆ ಬೆಳಿಗ್ಗೆಯ ಬಸ್ಸು ಹತ್ತಿದಳು.

ರಟ್ಟು ಬಚ್ಚಲ ಒಲೆಗೆ ಹೋಯಿತು. ಹಾಕಿದವಳು ಅಜ್ಜಿಯೇ. ಆದರೆ ಅವಳು ಆಟವನ್ನಾಗಲಿ ಮಗಳನ್ನಾಗಲಿ ಬೈಯಲಿಲ್ಲ. "ನನ್ನ ಕೈಯಾರೆ ಕೊಟ್ಟೆನಲ್ಲೇ ಆ ಸೋಪು" ಎನ್ನುತ್ತಿದ್ದಳು. ಹೂ ಕಟ್ಟುವಾಗ, ಅಕ್ಕಿ ಆರಿಸುವಾಗ, ಯಾರೂ ಕೇಳದಿದ್ದಾಗಲೂ. ಕೊನೆಗಾಲದಲ್ಲಿ ನಮ್ಮ ಹೆಸರುಗಳೆಲ್ಲ ಮರೆತ ಮೇಲೂ ಅದೊಂದನ್ನು ಮರೆಯಲಿಲ್ಲ. ಅವಳು ಹೋದಳು, ಅಂಗಡಿ ಮುಚ್ಚಿತು, ರಸ್ತೆ ಅಗಲವಾಗುವಾಗ ಮನೆಯ ಮುಂಭಾಗ ಒಡೆದರು, ಉಳಿದದ್ದನ್ನು ನಾವೇ ಮಾರಿದೆವು. ನಾವು ಕೂರುತ್ತಿದ್ದ ಜಗುಲಿಯ ಜಾಗದಲ್ಲಿ ಈಗ ಬೈಕುಗಳನ್ನು ನಿಲ್ಲಿಸುತ್ತಾರೆ.

ವಿಮಲತ್ತೆ ಎನ್.ಆರ್.ಪುರದಲ್ಲಿ ಮನೆ ಮಾಡಿಕೊಂಡು ಒಬ್ಬಳೇ ಇದ್ದಾಳೆ, ಖುಷಿಯಾಗಿಯೇ ಇದ್ದಾಳೆ. ಅವಳ ಹತ್ತಿರ ಕಲಿತವರ ಮಕ್ಕಳು ಈಗ ಅವಳ ಕ್ಲಾಸಿನಲ್ಲಿ ಕೂರುತ್ತಾರೆ. ಅವತ್ತು ಬೇಕೆಂದೇ ಹಾಗೆ ಮಾಡಿದೆಯಾ ಎಂದು ನಾನು ಯಾವತ್ತೂ ಕೇಳಿಲ್ಲ, ಕೇಳಬೇಕೆನ್ನಿಸಿಯೂ ಇಲ್ಲ. ಹೋದ ತಿಂಗಳು ಹೋಗಿದ್ದಾಗ, ಅವಳು ಬಸಳೆ ಚಪ್ಪರದ ಕೆಳಗೆ ಬಳ್ಳಿ ಕಟ್ಟುತ್ತಿದ್ದಾಗ, ಬೇರೊಂದು ಮಾತು ಬಾಯಿಗೆ ಬಂದುಬಿಟ್ಟಿತು. ಅವಳು ಇನ್ನೊಂದು ಬಳ್ಳಿಗೆ ದಾರ ಸುತ್ತಿದಳು. ಊಟಕ್ಕೆ ಬಡಿಸಿದಳು, ಬಸ್ಸಿನವರೆಗೂ ಬಂದು ಕಳಿಸಿದಳು, ಅದಾದ ಮೇಲೆ ನಾಲ್ಕಾರು ಸಲ ಫೋನಿನಲ್ಲಿ ಮಾತಾಡಿದ್ದೇವೆ. ಅದಕ್ಕೆ ಮಾತ್ರ ಉತ್ತರ ಇನ್ನೂ ಬಂದಿಲ್ಲ.

"ಅಜ್ಜಿಗೆ ಒಂದು ಸಲವಾದ್ರೂ ಹೇಳಿದ್ಯಾ ಅತ್ತೆ, ತಪ್ಪು ಅವಳದ್ದಲ್ಲ ಅಂತ?"