ಗೌರಕ್ಕನ ಬೈತಲೆ

ಬೆಳಿಗ್ಗೆ ಪಕ್ಕದ ಮನೆಯವರು ಹರಳೆಣ್ಣೆ ಕಾಯಿಸುತ್ತಿದ್ದರು. ಆ ವಾಸನೆ ನಿಮಗೆ ಹಿಡಿಸುತ್ತದೋ ಇಲ್ಲವೋ ಕಾಣೆ. ನನಗಂತೂ ಮೂಗಿಗೆ ಬಿದ್ದರೆ ಸಾಕು, ಅಜ್ಜಂಪುರದ ನಮ್ಮ ಜಗಲಿಯಲ್ಲಿ ಅಮ್ಮ ಗೌರಕ್ಕನ ತಲೆ ಬಾಚುತ್ತಿರುತ್ತಾಳೆ.

ಗೌರಕ್ಕ ನನ್ನ ಒಡಹುಟ್ಟಿದವಳು. ಹನ್ನೆರಡಾದರೂ ಬುದ್ಧಿ ಬಲಿಯಲಿಲ್ಲ ಎಂದು ಊರು ಹೇಳುತ್ತಿತ್ತು. ಎಪ್ಪತ್ತರ ದಶಕ, ಅಂಥ ಮಕ್ಕಳಿಗೆಂದು ನಮ್ಮ ಕಡೆ ಶಾಲೆ ಎಲ್ಲಿತ್ತು? ಬೀರೂರಿನಿಂದ ರೈಲಿನಲ್ಲಿ ಬಂದುಹೋಗುತ್ತಿದ್ದ ನಾಗರತ್ನ ಟೀಚರ್ ಅವಳನ್ನು ಎರಡನೇ ಕ್ಲಾಸಿನಲ್ಲಿ, ನಮ್ಮಂಥ ಚಿಳ್ಳೆಪಿಳ್ಳೆಗಳ ನಡುವೆ ಕೂರಿಸಿಕೊಂಡರು. "ನಂಗೇನು ಇದಕ್ಕೆ ಟ್ರೈನಿಂಗ್ ಕೊಟ್ಟಿದಾರಾ? ನೋಡೋಣ," ಎಂದರಂತೆ. ಅಕ್ಷರ ತಲೆಗೆ ಹತ್ತಲಿಲ್ಲ. ಟೀಚರಿಗೋ ಮೂಗಿನ ತುದಿಯಲ್ಲೇ ಕೋಪ. ಒಂದು ದಿನ ಸ್ಲೇಟು ಪಕ್ಕಕ್ಕಿಟ್ಟು, ಕಿಟಕಿಯ ಸರಳಿಗೆ ತೆಂಗಿನ ನಾರು ಕಟ್ಟಿ, ಜಡೆ ಹೆಣೆಯುವುದನ್ನು ಕಲಿಸತೊಡಗಿದರು. ನಾವೆಲ್ಲರೂ ಹೆಣೆದೆವು. ನನ್ನದು ಇಲಿಯ ಬಾಲದಂತಿತ್ತು.

ಅಲ್ಲಿಗೇ ನಿಂತಿದ್ದರೆ ರಗಳೆಯಿರಲಿಲ್ಲ. ಅಮ್ಮ ಹಾಕಿ ಕಳಿಸಿದ ಜಡೆಯನ್ನೇ ಬಿಚ್ಚಿಸಿ, ಗೌರಕ್ಕನ ಕೈಯಿಂದಲೇ ಮತ್ತೆ ಹಾಕಿಸತೊಡಗಿದರು. ಸೊಟ್ಟ ಬೈತಲೆ, ಕೆದರಿದ ಕೂದಲು, ಬೀದಿಯವರೆಲ್ಲ ನೋಡುವಂತೆ ಮನೆಗೆ ಬರುತ್ತಿದ್ದಳು. ಅಮ್ಮ ಸೀದಾ ಶಾಲೆಗೇ ಬಂದಳು.

"ತಾಯಿ ಇಲ್ದೋಳ್ ಥರ ಕಳಿಸ್ತೀರಲ್ರೀ ನನ್ ಮಗಳನ್ನ. ನಾನಿರೋ ತನ್ಕ ನಾನೇ ಹಾಕ್ತೀನಿ. ನಾಳೆಯಿಂದ ಕಳ್ಸಲ್ಲ."

"ನೀವಿರೋ ತನ್ಕ ಸರಿ ಕಣಮ್ಮ," ಎಂದರು ಟೀಚರ್. "ಆಮೇಲೆ?"

ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಅಮ್ಮ ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಆವತ್ತೇ. ಮಾರನೆಯ ಬೆಳಿಗ್ಗೆ ಬಾಚಣಿಗೆಯನ್ನು ಗೌರಕ್ಕನ ಕೈಗೆ ಕೊಟ್ಟು, ತನ್ನ ಕೈಗಳೆರಡನ್ನೂ ಸೆರಗಿನಲ್ಲಿ ಸುತ್ತಿಕೊಂಡು ಕೂತಳು. ಬಿಟ್ಟರೆ ಅವು ಸುಮ್ಮನಿರುತ್ತಿರಲಿಲ್ಲ.

ಕಲಿಯಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ಟೀಚರಿಗೆ ತರೀಕೆರೆಗೆ ವರ್ಗವಾಗಿತ್ತು. ಗೌರಕ್ಕ ತುದಿಯವರೆಗೆ ಹೆಣೆದ ಜಡೆಯನ್ನು ಅವರು ನೋಡಲೇ ಇಲ್ಲ. ನನಗೆ ಈಗಲೂ ಅದೊಂದು ಸಂಕಟ.

ಎಂಬತ್ತರ ದಶಕದಲ್ಲಿ ಅಮ್ಮ ಹೋದಳು. ಕಾರ್ಯವೆಲ್ಲ ಮುಗಿದು ನೆಂಟರು ಹೊರಡುವ ಬೆಳಿಗ್ಗೆ ದೊಡ್ಡಮ್ಮ, "ಇದಕ್ಕಿನ್ನು ಯಾರೇ ದಿಕ್ಕು?" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಗೌರಕ್ಕ ಮಿಂದು, ತಲೆ ಬಾಚಿ, ಜಡೆ ಹಾಕಿಕೊಂಡು ಬಂದು ಅವರ ಪಕ್ಕ ಕೂತಳು.

ಈಗ ಅವಳು ನನ್ನ ಜೊತೆಗಿದ್ದಾಳೆ. ಹೊರಗೆ ಹೊರಟಾಗೆಲ್ಲ ಅವಳ ಬೈತಲೆ ತಿದ್ದುವುದು ನನ್ನ ಚಾಳಿ. ಇವತ್ತು ಕಡೂರಿನ ಮದುವೆಗೆ ಹೊರಟಾಗಲೂ ಬಾಚಣಿಗೆ ಕೈಗೆತ್ತಿಕೊಂಡೆ, ಏನನ್ನಿಸಿತೋ, ಇಟ್ಟುಬಿಟ್ಟೆ. ಬಸ್ಸಿನಲ್ಲಿ ಹಿಂದೆ ಕೂತಿದ್ದ ಹೆಂಗಸು ನನ್ನ ಭುಜ ತಟ್ಟಿ, ಗೌರಕ್ಕನ ತಲೆಯತ್ತ ಕೈ ತೋರಿಸಿ, "ಬೈತಲೆ ಸೊಟ್ಟ ಆಗೈತಲ್ಲ, ಯಾರಮ್ಮ ಬಾಚಿದ್ದು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಗೌರಕ್ಕ ತಿರುಗಿ ಕೂತು ಹೇಳಿದಳು: "ನಾನೇ."