ತಡಮೆಯ ಮೇಲಿನ ನೀರುಕಡ್ಡಿ

ಬಚ್ಚಲಿನ ಹಿಂದೆ ನೀರು ಹರಿಯುವ ಕಲ್ಲಿನ ಸಂದಿಯಲ್ಲಿ ನೀರುಕಡ್ಡಿ ಗಿಡ ಹುಟ್ಟಿತ್ತು. ಕೀಳುವ ಎಂದು ಬಗ್ಗಿ ಹಿಡಿದರೆ ದಂಟು ಪಟ್ಟನೆ ಮುರಿದು ಬೆರಳೆಲ್ಲ ನೀರಾಯಿತು. ಆ ಹಸಿ ವಾಸನೆ ಮೂಗಿಗೆ ಬಂದದ್ದೇ ತಡ, ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ನಮ್ಮ ಕಾಲದಲ್ಲಿ ಸ್ಲೇಟು ಒರೆಸಲು ಇದೇ ದಂಟು...

ಹಿಂದಿನ ಸಂಜೆಯಷ್ಟೇ ಐರ್ಲೆಂಡಿನಿಂದ ಮೊಮ್ಮಗಳ ವೀಡಿಯೊ ಫೋನು ಬಂದಿತ್ತು. ಮಗಳು ನರ್ಸ್ ಕೆಲಸಕ್ಕೆ ಅಲ್ಲಿಗೆ ಹೋದವಳು ಮಗುವನ್ನೂ ಕರೆಸಿಕೊಂಡು ಮೂರು ತಿಂಗಳಾಯಿತು. ಶಾಲೆಯಲ್ಲಿ ಯಾರ ಮಾತೂ ತಿಳಿಯದೆ ಮಗುವಿಗೆ ದಿನಾ ಅಳು. ನಿನ್ನೆ ಮಾತ್ರ ಮುಖ ಇಷ್ಟಗಲ.

"ಅಜ್ಜೀ, ನನಗೆ ಒಬ್ಬಳು ಫ್ರೆಂಡ್ ಸಿಕ್ಕಿದ್ಲು! ಅವಳ ರಬ್ಬರ್ ಅರ್ಧ ಮಾಡಿ ನನಗೆ ಕೊಟ್ಲು, ನೋಡಿ!"

ನನಗೆ ಕುಣಿಯುವಷ್ಟು ಸಂತೋಷ. ಮೊಣಕಾಲು ನೋವು ಮರೆತು ದರ್ಬೆ ಪೇಟೆಯ ಅಂಗಡಿಗೆ ನಡೆದೇ ಹೋಗಿ ಬೆಲ್ಲ ತಂದು ಪಾಯಸ ಮಾಡಿದೆ. ಹಾಲಿನವನಿಗೆ ಹೇಳಿದೆ, ಪಕ್ಕದ ಮನೆಯವಳಿಗೆ ಎರಡೆರಡು ಸಲ ಹೇಳಿದೆ. "ಎಂತ ಅಜ್ಜಿ, ಮದುವೆ ನಿಶ್ಚಯ ಆದ ಹಾಗೆ ಮಾಡ್ತೀರಲ್ಲ!" ಎಂದು ಅವಳು ನಕ್ಕಳು. ನಗಲಿ.

ಆದರೆ ಫೋನಿಡುವ ಮೊದಲು ಮಗು ಕೇಳಿತ್ತು: "ಅಜ್ಜಿ, ನಿಮಗೆ ಶಾಲೆಯಲ್ಲಿ ಫ್ರೆಂಡ್ ಇದ್ಲಾ?"

"ಇದ್ಲು" ಎಂದೆ. ಅಷ್ಟೇ ಹೇಳಿದ್ದು.

ನಾನು ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟವಳು. ಯಾಕೆ ಬಿಟ್ಟದ್ದೆಂದು ಹೆತ್ತ ಮಕ್ಕಳಿಗೂ ಸರಿಯಾಗಿ ಹೇಳಿಲ್ಲ.

ನಮ್ಮ ತವರುಮನೆ ಕೊಯಿಲದ ಹತ್ತಿರ. ನನಗೆ ಏಳೋ ಎಂಟೋ ವರ್ಷವಿರುವಾಗ ನಮ್ಮ ಮೇಲಿನ ಗುಡ್ಡೆಗೆ ಕೇರಳದಿಂದ ಒಂದು ಕ್ರಿಶ್ಚಿಯನ್ ಸಂಸಾರ ಬಂತು. ಗಂಡ, ಹೆಂಡತಿ, ನನ್ನದೇ ಪ್ರಾಯದ ಮಗಳು, ತೊಟ್ಟಿಲ ಕೂಸು, ಒಂದು ಆಡು. ಕಾಡು ಕಡಿದು ಮರಗೆಣಸು ನೆಟ್ಟರು. ನಮಗೆ ಆ ಬೆಳೆಯೇ ಹೊಸತು, ಅವರ ಊರು ಪರದೇಶ.

ಆ ಹುಡುಗಿಯನ್ನು ಮಾಸ್ಟ್ರು ನನ್ನ ಪಕ್ಕದಲ್ಲೇ ಕೂರಿಸಿದರು. ಕನ್ನಡದ ಒಂದಕ್ಷರ ಬಾರದು. ಸ್ಲೇಟಿನ ಮೇಲೆ ಕಣ್ಣೀರು ತಟಪಟ ಬೀಳುತ್ತಿತ್ತು. ನನಗೆ ಎಂತ ಹೇಳಬೇಕೆಂದು ತಿಳಿಯದೆ, ಲಂಗದ ಮಡಿಕೆಯಲ್ಲಿದ್ದ ನೀರುಕಡ್ಡಿಯ ಒಂದು ದಂಟು ಮುರಿದು ಅವಳ ಮುಂದಿಟ್ಟೆ. ಅವಳು ಅಳು ನಿಲ್ಲಿಸಿ ಅದನ್ನೇ ನೋಡಿದಳು. ಮತ್ತೆ ತನ್ನ ಚೀಲಕ್ಕೆ ಕೈ ಹಾಕಿ ಬಾಡಿದ ಒಂದು ಹಿಡಿ ತೆಗೆದಳು. ಅದೂ ನೀರುಕಡ್ಡಿಯೇ! ಅವರ ಊರಿನ ಮಕ್ಕಳೂ ಇದರಲ್ಲೇ ಸ್ಲೇಟು ಒರೆಸುವುದಂತೆ, ಆಮೇಲೆ ತಿಳಿದದ್ದು. ಇಬ್ಬರೂ ನಕ್ಕೆವು. ಮಾಸ್ಟ್ರ ಬೆತ್ತ ಬೆಂಚಿಗೆ ಬಡಿಯುವವರೆಗೂ ನಕ್ಕೆವು.

ವರ್ಷ ಕಳೆಯುವುದರೊಳಗೆ ಅವಳ ಕನ್ನಡ ನಮಗಿಂತ ಜೋರಾಯಿತು. ಹುಡುಗರು "ಏ ಮರಗೆಣಸು!" ಎಂದು ಕೂಗಿದರೆ, "ಎಂತ ಮಾರಾಯ, ಹಸಿವಾ? ನಾಳೆ ತರ್ತೇನೆ, ಇವತ್ತು ನೀರು ಕುಡಿ" ಎನ್ನುತ್ತಿದ್ದಳು. ಬೆಳಿಗ್ಗೆ ನಮ್ಮ ಬೇಲಿ ದಾಟಲು ಕಟ್ಟಿದ ತಡಮೆ ಹತ್ತಿ ನಿಂತು ನನ್ನನ್ನು ಕೂಗುವಳು. ತಡಮೆ ದಾಟಿ ಇಬ್ಬರೂ ಕೈ ಹಿಡಿದು ಶಾಲೆಗೆ.

ಶಾಲೆಗೆ ಹೊರಡುವ ಮೊದಲು ದನಕ್ಕೆ ಒಂದು ಹೊರೆ ಹುಲ್ಲು ತರುವುದು ನನ್ನ ಕೆಲಸ. ಮೂರನೆಯ ಕ್ಲಾಸಿನಲ್ಲಿರುವಾಗ ಒಂದು ದಿನ ಏಳುವುದು ತಡವಾಯಿತು. ಗುಡ್ಡೆಯವರು ಮರಗೆಣಸು ಕಿತ್ತು, ಸೊಪ್ಪನ್ನೆಲ್ಲ ಬೇಲಿಯ ಆಚೆ ರಾಶಿ ಹಾಕಿದ್ದರು. ಹಸಿರು ಎಂದರೆ ಹಸಿರು. ಹುಲ್ಲು ಯಾರು ಕೊಯ್ಯುವುದು ಎಂದು ಅದನ್ನೇ ಒಂದು ತೆಕ್ಕೆ ತಂದು ಹಟ್ಟಿಯಲ್ಲಿ ಹಾಕಿದೆ. ದನಕ್ಕೆ ಅದು ವಿಷವೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಶಾಲೆಯಿಂದ ಬರುವಾಗ ನಮ್ಮ ಒಂದೇ ಒಂದು ಹಾಲು ಕರೆಯುವ ದನ ಹೊಟ್ಟೆ ಉಬ್ಬಿ, ಬಾಯಲ್ಲಿ ನೊರೆ ಬಂದು, ಕಾಲು ಚಾಚಿ ಬಿದ್ದಿತ್ತು. ಅಮ್ಮ ಅದರ ಕುತ್ತಿಗೆ ಹಿಡಿದು ಅಳುತ್ತಿದ್ದಳು.

ಅಪ್ಪನ ಕೈಯಲ್ಲಿ ಉಳಿದ ಸೊಪ್ಪು. "ಯಾರು ಹಾಕಿದ್ದು ಇದನ್ನು?"

"ಗುಡ್ಡೆಯವಳು ಕೊಟ್ಟದ್ದು" ಎಂದೆ. "ದನಕ್ಕೆ ಒಳ್ಳೇದು ಅಂತ ಅವಳೇ ಹೇಳಿದ್ಲು."

ಬಾಯಿಂದ ಬಿತ್ತು, ಆಗಿಹೋಯಿತು...

ಅಪ್ಪ ಗುಡ್ಡೆ ಹತ್ತಿ ಕೂಗಾಡಿದ್ದು ಅಂಗಳಕ್ಕೂ ಕೇಳುತ್ತಿತ್ತು. ಸಂಜೆ ಹೊತ್ತಿಗೆ ಅವಳ ಅಪ್ಪ ತಮ್ಮ ಆಡನ್ನು ಹಗ್ಗ ಹಿಡಿದು ಎಳೆದುಕೊಂಡು ಇಳಿದು ಬಂದರು. ಹಿಂದೆ ಅವಳು.

"ಸಣ್ಣ ಮಗು ಅಲ್ಲವಾ... ತಿಳಿಯದೆ ಕೊಟ್ಟುಹೋಯ್ತು" ಎಂದರು, ಅರ್ಧ ಅವರ ಭಾಷೆಯಲ್ಲಿ, ಅರ್ಧ ನಮ್ಮದರಲ್ಲಿ. "ಇದು ಇಲ್ಲಿ ಇರಲಿ."

ತೊಟ್ಟಿಲ ಕೂಸಿಗೆ ಆ ಆಡಿನ ಹಾಲೇ ಗತಿಯೆಂದು ನನಗೆ ಗೊತ್ತಿತ್ತು. ಅವಳು ನನ್ನನ್ನು ನೋಡಿದಳು. 'ನಾನು ಕೊಟ್ಟದ್ದಲ್ಲ' ಎಂದು ಹೇಳಲು ಬೇಕಾದಷ್ಟು ಕನ್ನಡ ಅವಳಿಗೆ ಬರುತ್ತಿತ್ತು. ಆ ಕನ್ನಡವನ್ನು ಕಲಿಸಿದವಳು ನಾನೇ. ಅವಳು ಹೇಳಲಿಲ್ಲ. ನನ್ನ ಅಪ್ಪನ ಕೈಯ ಕೋಲನ್ನು ಒಮ್ಮೆ ನೋಡಿ ಸುಮ್ಮನೆ ತಲೆ ತಗ್ಗಿಸಿದಳು. ನಾನೂ ಹೇಳಲಿಲ್ಲ.

"ಇನ್ನು ಆ ಶಾಲೆಯೂ ಬೇಡ, ಅವರ ಸಂಗವೂ ಬೇಡ" ಎಂದ ಅಪ್ಪ. ಅಲ್ಲಿಗೆ ನನ್ನ ಓದು ಮುಗಿಯಿತು. ಆಡಿನ ಹಾಲು ನನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇಳಿಯಿತು, ಕುಡಿದೆ.

ಮಾರನೆಯ ವಾರದಿಂದ ಅವಳು ಒಬ್ಬಳೇ ನಮ್ಮ ಬೇಲಿಯ ಬದಿಯಲ್ಲಿ ಹೋಗುತ್ತಿದ್ದಳು. ಕೂಗುತ್ತಿರಲಿಲ್ಲ. ಆದರೆ ತಡಮೆಯ ಮೇಲೆ ಒಂದು ಹಿಡಿ ನೀರುಕಡ್ಡಿ ಇಟ್ಟು ಹೋಗುತ್ತಿದ್ದಳು. ನಾನು ಕಿಟಕಿಯ ಸರಳು ಹಿಡಿದು ನೋಡುತ್ತಿದ್ದೆ, ಹೋಗಿ ತೆಗೆಯುವ ಮುಖ ಇರಲಿಲ್ಲ. ಬಿಸಿಲೇರಿದ ಹಾಗೆ ಅದು ಬಾಡಿ ಕಪ್ಪಾಗುತ್ತಿತ್ತು. ಎಷ್ಟು ದಿನ ಇಟ್ಟಳೋ... ಒಂದು ದಿನ ಇಡಲಿಲ್ಲ. ಮತ್ತೆ ಇಡಲೇ ಇಲ್ಲ.

ಬೆಟ್ಟಂಪಾಡಿಗೆ ಮದುವೆಯಾಗಿ ಹೋಗಿ, ಮೊದಲ ಬಾಣಂತನಕ್ಕೆ ತವರಿಗೆ ಬಂದಾಗ ಧೈರ್ಯ ಮಾಡಿದೆ. ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ಗುಡ್ಡೆ ಹತ್ತಿದೆ. ಅವಳ ಅಪ್ಪ ಅಮ್ಮನ ಎದುರಿನಲ್ಲೇ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಬಾಗಿಲಿಗೆ ಬಂದವಳು ಗುರುತಿಲ್ಲದ ಹೆಂಗಸು.

"ಅವರು ಜಾಗ ಮಾರಿ ಹೋಗಿ ಎರಡು ವರ್ಷ ಆಯ್ತಲ್ಲ ಮಾರಾಯ್ತಿ. ಎಲ್ಲಿಗೆ ಅಂತ ನಮಗೆಂತ ಗೊತ್ತುಂಟು?"

ಜೋಡಿಸಿದ ಮಾತನ್ನೆಲ್ಲ ಹೊತ್ತುಕೊಂಡು ಹಾಗೆಯೇ ಇಳಿದು ಬಂದೆ. ಇವತ್ತಿಗೂ ಅದು ನನ್ನಲ್ಲೇ ಉಂಟು. ಅವಳು ಬದುಕಿದ್ದಾಳೋ ಇಲ್ಲವೋ ತಿಳಿಯದು.

ಬಚ್ಚಲಿನ ಹಿಂದಿನ ಗಿಡವನ್ನು ಕೀಳಲಿಲ್ಲ. ಮುರಿದ ದಂಟನ್ನು ಲೋಟದ ನೀರಿನಲ್ಲಿಟ್ಟಿದ್ದೇನೆ, ಇವತ್ತು ಫೋನು ಬಂದರೆ ಮೊಮ್ಮಗಳಿಗೆ ತೋರಿಸಬೇಕು. ಸಂತೋಷವೇನೋ ಇನ್ನೂ ಇಳಿದಿಲ್ಲ, ಪಾಯಸವೂ ಪಾತ್ರೆಯಲ್ಲಿ ಉಳಿದಿದೆ. ಆದರೆ ಆ ಊರಿನಲ್ಲಿ ಗುಡ್ಡೆಯಿಂದ ಇಳಿದು ಬಂದವಳು ನನ್ನ ಮೊಮ್ಮಗಳು. ಪಕ್ಕದಲ್ಲಿ ಕೂತು ರಬ್ಬರ್ ಅರ್ಧ ಮಾಡಿದ ಆ ಹುಡುಗಿಯ ಮುಖ ನಾನು ನೋಡಿಲ್ಲ... ದೇವರೇ, ಆ ಹುಡುಗಿ ನನ್ನ ಹಾಗೆ ಆಗುವುದು ಬೇಡ.